ಲಂಡನ್ ಬರೋಗಳ ತೀರ್ಪು ಮತ್ತು ಭಾರತೀಯ ಪಾಸ್‌ಪೋರ್ಟಿನ ಮತ

2022ರ ಮೇ 5ರಂದು ಲಂಡನ್ನಿನ 32 ಬರೋ (ನಗರದ ಸ್ಥಳೀಯ ಆಡಳಿತ ವಿಭಾಗ) ಕೌನ್ಸಿಲ್‌ಗಳಿಗೆ ನಡೆದ ಚುನಾವಣೆಯ ಮಾತು ಬಂದಾಗಲೆಲ್ಲ, ಕೋವಿಡ್ ನಿರ್ಬಂಧಗಳ ಕಾಲದಲ್ಲಿ ಪ್ರಧಾನಿ ಕಚೇರಿಯಿರುವ ಡೌನಿಂಗ್ ಸ್ಟ್ರೀಟಿನಲ್ಲಿ ನಡೆದ ಪಾರ್ಟಿಗಳ ಹಗರಣದಿಂದ ರೋಸಿಹೋದ ಜನರು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಬುದ್ಧಿ ಕಲಿಸಿದರು ಎಂಬ ಒಂದೇ ಸಾಲಿನಲ್ಲಿ ಚರ್ಚೆ ಮುಗಿದುಹೋಗುತ್ತದೆ. ಇಲ್ಲಿನ ಕನ್ನಡಿಗರ ಕೂಟಗಳಲ್ಲಿಯೂ ನಾನು ಕೇಳುತ್ತ ಬಂದಿರುವುದು ಇದನ್ನೇ. ಅದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಒಂದೊಂದು ಬರೋದ ಲೆಕ್ಕವನ್ನು ಬಿಡಿಯಾಗಿ ನೋಡುತ್ತ ಹೋದರೆ ಈ ವಿವರಣೆ ಅರ್ಧ ದಾರಿಯಲ್ಲಿಯೇ ಕೈಕೊಡುತ್ತದೆ.

ಎಲ್ಲರ ಬಾಯಲ್ಲಿದ್ದ ಫಲಿತಾಂಶಗಳು ಮೂರು. 1964ರಲ್ಲಿ ರಚನೆಯಾದಂದಿನಿಂದ ಕನ್ಸರ್ವೇಟಿವ್ ಪಕ್ಷವನ್ನು ಬಿಟ್ಟು ಬೇರೆಯವರ ಕೈಗೆ ಹೋಗದಿದ್ದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಲೇಬರ್ ಪಕ್ಷ 54 ಸ್ಥಾನಗಳ ಪೈಕಿ 31ನ್ನು ಗೆದ್ದಿತು. 1978ರಿಂದ ಕನ್ಸರ್ವೇಟಿವ್ ಹಿಡಿತದಲ್ಲಿದ್ದ ವಾಂಡ್ಸ್‌ವರ್ತ್‌ನಲ್ಲಿ 58ರಲ್ಲಿ 35 ಸ್ಥಾನಗಳು ಲೇಬರ್ ಪಾಲಾದವು. ಬಾರ್ನೆಟ್‌ನಲ್ಲಿ ಆ ಪಕ್ಷಕ್ಕೆ ಮೊದಲ ಬಾರಿಗೆ ಸ್ವಂತ ಬಲದ ಬಹುಮತ ಸಿಕ್ಕಿತು. ಇವು ರಾಷ್ಟ್ರ ರಾಜಕಾರಣದ ಗಾಳಿಗೆ ಬಿದ್ದ ಮರಗಳು ಎಂದು ಹೇಳುವವರು ಮಾರ್ಬಲ್ ಆರ್ಚ್ ಬಳಿಯ ಕೃತಕ ಗುಡ್ಡವನ್ನು ಮರೆಯುತ್ತಾರೆ. ಕೋವಿಡ್ ನಂತರ ಆಕ್ಸ್‌ಫರ್ಡ್ ಸ್ಟ್ರೀಟಿಗೆ ಗ್ರಾಹಕರನ್ನು ಮರಳಿ ಕರೆತರಲೆಂದು ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ 2021ರ ಬೇಸಿಗೆಯಲ್ಲಿ ಕಟ್ಟಿಸಿದ ಆ ದಿಬ್ಬದ ವೆಚ್ಚ ಸುಮಾರು 33 ಲಕ್ಷ ಪೌಂಡ್‌ಗಳಿಂದ 60 ಲಕ್ಷಕ್ಕೆ ಏರಿತು. ಹಣ ಕೊಟ್ಟು ಹತ್ತಿದವರು ನಿರಾಶರಾಗಿ ಇಳಿದ ಮೇಲೆ ಪ್ರವೇಶವನ್ನು ಉಚಿತಗೊಳಿಸಬೇಕಾಯಿತು, ಕೌನ್ಸಿಲಿನ ಉಪನಾಯಕರು ರಾಜೀನಾಮೆ ಕೊಡಬೇಕಾಯಿತು. ತಮ್ಮ ತೆರಿಗೆ ಹಣದ ಗತಿಯನ್ನು ಹೀಗೆ ಕಣ್ಣಾರೆ ಕಂಡ ಮತದಾರನು ಪ್ರಧಾನಿಯ ಮೇಲಿನ ಸಿಟ್ಟಿನಿಂದಷ್ಟೇ ಮತ ಹಾಕಿದನೆಂದು ತೀರ್ಮಾನಿಸುವುದು ಅವನ ವಿವೇಕಕ್ಕೆ ಮಾಡುವ ಅನ್ಯಾಯ.

ಅದೇ ದಿನ ಗಾಳಿಯ ದಿಕ್ಕಿಗೆ ಎದುರಾಗಿ ನಡೆದ ಬರೋಗಳೂ ಇವೆ. ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಹ್ಯಾರೋದಲ್ಲಿ ಲೇಬರ್ ಅಧಿಕಾರ ಕಳೆದುಕೊಂಡಿತು. ಕನ್ಸರ್ವೇಟಿವ್ 31, ಲೇಬರ್ 24. ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಎರಡು ದೊಡ್ಡ ಪಕ್ಷಗಳೂ ಸೋತು, ಲುತ್ಫುರ್ ರಹಮಾನ್ ಅವರ ಆಸ್ಪೈರ್ ಪಕ್ಷ 45ರಲ್ಲಿ 24 ಸ್ಥಾನಗಳನ್ನು ಪಡೆಯಿತು, ಅವರೇ ಮೇಯರ್ ಆದರು. 2015ರಲ್ಲಿ ಚುನಾವಣಾ ನ್ಯಾಯಾಲಯವು ಅಕ್ರಮಗಳ ಕಾರಣಕ್ಕೆ ಅವರ ಹಿಂದಿನ ಗೆಲುವನ್ನು ರದ್ದುಪಡಿಸಿ, ಐದು ವರ್ಷ ಸ್ಪರ್ಧಿಸದಂತೆ ನಿರ್ಬಂಧಿಸಿತ್ತು. ಆ ತೀರ್ಪಿನ ಗಂಭೀರತೆಯನ್ನು ನಾನು ಎಳ್ಳಷ್ಟೂ ಕಡಿಮೆ ಮಾಡಿ ನೋಡುವುದಿಲ್ಲ. ಆದರೂ ಅವರ ಮರಳುವಿಕೆಯನ್ನು ಅರ್ಥಮಾಡಿಕೊಳ್ಳಬೇಕಾದರೆ, ವಾಹನ ಸಂಚಾರಕ್ಕೆ ಮುಚ್ಚಿದ್ದ ಬೀದಿಗಳ ಬಗ್ಗೆ ಆ ಬರೋದಲ್ಲಿ ಎದ್ದಿದ್ದ ಜಗಳವನ್ನು ತಿಳಿಯಬೇಕು.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಕ್ರಾಯ್ಡನ್. ಅಲ್ಲಿನ ಲೇಬರ್ ಆಡಳಿತವು ಬ್ರಿಕ್ ಬೈ ಬ್ರಿಕ್ ಎಂಬ ತನ್ನದೇ ಗೃಹನಿರ್ಮಾಣ ಕಂಪನಿಗೆ ಭಾರಿ ಸಾಲ ಕೊಟ್ಟು, ಆದಾಯದ ಆಸೆಯಿಂದ ಹೋಟೆಲ್‌ನಂಥ ಆಸ್ತಿಗಳನ್ನೂ ಕೊಂಡು, 2020ರ ನವೆಂಬರಿನಲ್ಲಿ ಸೆಕ್ಷನ್ 114 ನೋಟಿಸ್ ಹೊರಡಿಸುವ ಸ್ಥಿತಿಗೆ ಬಂದಿತ್ತು. ಕಾನೂನು ಕಡ್ಡಾಯಗೊಳಿಸಿದ ಸೇವೆಗಳನ್ನು ಬಿಟ್ಟು ಹೊಸದಾಗಿ ಯಾವ ಖರ್ಚನ್ನೂ ಮಾಡುವಂತಿಲ್ಲ ಎಂದು ಸಾರುವ ಈ ನೋಟಿಸನ್ನು ಜನರು ನೇರವಾಗಿ ದಿವಾಳಿ ಎಂದೇ ಕರೆದರು. ಮರುವರ್ಷ ಜನಮತಗಣನೆ ನಡೆದು, ಮೇಯರನ್ನು ನೇರವಾಗಿ ಆರಿಸುವ ಪದ್ಧತಿಗೆ ದೊಡ್ಡ ಬಹುಮತದ ಒಪ್ಪಿಗೆ ದೊರೆಯಿತು. 2022ರಲ್ಲಿ ಕನ್ಸರ್ವೇಟಿವ್ ಪಕ್ಷದ ಜೇಸನ್ ಪೆರಿ ಮೇಯರ್ ಸ್ಥಾನವನ್ನು 600ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಗೆದ್ದರು. ಕೌನ್ಸಿಲಿನಲ್ಲಿ ಲೇಬರ್ 34, ಕನ್ಸರ್ವೇಟಿವ್ 33, ಗ್ರೀನ್ 2, ಲಿಬರಲ್ ಡೆಮಾಕ್ರಾಟ್ 1 ಆಗಿ ಯಾರಿಗೂ ಬಹುಮತ ಬರಲಿಲ್ಲ. ದೇಶವೆಲ್ಲ ಕನ್ಸರ್ವೇಟಿವ್ ಪಕ್ಷದ ಮೇಲೆ ಮುನಿದಿದ್ದ ವಾರದಲ್ಲಿ ಕ್ರಾಯ್ಡನ್ನಿನ ಜನರು ತಮ್ಮ ಖಜಾನೆಯನ್ನು ಬರಿದು ಮಾಡಿದವರನ್ನು ಗುರುತಿಸಿ ಮತ ಹಾಕಿದರು. ಸಂಕಷ್ಟ ಅಲ್ಲಿಗೆ ನಿಲ್ಲಲಿಲ್ಲ. 2023ರಲ್ಲಿ ಸರ್ಕಾರದ ವಿಶೇಷ ಅನುಮತಿ ಪಡೆದು ಕೌನ್ಸಿಲ್ ತೆರಿಗೆಯನ್ನು ಒಮ್ಮೆಗೇ ಶೇ. 15ರಷ್ಟು ಏರಿಸಲಾಯಿತು. ಮತ ಹಾಕಿದವರೂ ಹಾಕದವರೂ, ಬ್ರಿಟಿಷ್ ಪ್ರಜೆಗಳೂ ವೀಸಾದ ಮೇಲೆ ಬಂದವರೂ, ಅದನ್ನು ಸಮನಾಗಿಯೇ ಕಟ್ಟಿದರು.

ನನ್ನ ಅಸಲಿ ಕಳವಳ ಇರುವುದು ಇಲ್ಲಿಯೇ. ಆ ದಿನ ಲಂಡನ್ನಿನ ಒಟ್ಟು ಮತದಾನ ಶೇ. 40ನ್ನೂ ಮುಟ್ಟಲಿಲ್ಲ. ಕಸ ಎತ್ತುವುದು, ಗ್ರಂಥಾಲಯ, ಪಾರ್ಕಿಂಗ್ ಪರವಾನಗಿ, ಮನೆ ವಿಸ್ತರಣೆಯ ಅನುಮತಿ, ಮಕ್ಕಳ ಶಾಲಾ ಪ್ರವೇಶ, ವೃದ್ಧರ ಮತ್ತು ಅಂಗವಿಕಲರ ಆರೈಕೆ, ಇವೆಲ್ಲ ಕೌನ್ಸಿಲಿನ ಕೈಯಲ್ಲಿವೆ. ಇಷ್ಟಿದ್ದರೂ, ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡು ಕೆಲಸದ ಅಥವಾ ಓದಿನ ವೀಸಾದ ಮೇಲೆ ಇಲ್ಲಿ ವಾಸಿಸುವ ನಮ್ಮವರಲ್ಲಿ ಅನೇಕರಿಗೆ ತಮಗೆ ಮತದಾನದ ಹಕ್ಕಿದೆ ಎಂಬುದೇ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ನೆಲೆಸಲು ಕಾನೂನುಬದ್ಧ ಅನುಮತಿ ಇರುವ 18 ವರ್ಷ ತುಂಬಿದ ಭಾರತೀಯರು ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರವಲ್ಲ, ಸಂಸತ್ ಚುನಾವಣೆಯಲ್ಲಿಯೂ ಮತ ಹಾಕಬಹುದು. ಬೆಂಗಳೂರಿನಿಂದ ಬಂದವರಿಗೆ ಈ ಹಕ್ಕಿನ ತೂಕ ಇನ್ನೂ ಚೆನ್ನಾಗಿ ತಿಳಿಯಬೇಕು: 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ, ಲಂಡನ್ನಿನಲ್ಲಿ ಈ ಮತದಾನ ನಡೆದ ದಿನವೂ ಆ ಮಹಾನಗರಕ್ಕೆ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ.

ಬರೋ ರಾಜಕಾರಣ ನಮಗೆ ಸಂಬಂಧಪಡದ್ದು ಎನ್ನುವವರಿಗೆ ಲ್ಯಾಂಬೆತ್ ಉತ್ತರ ಕೊಡುತ್ತದೆ. ಕಲಬುರಗಿ ಮೂಲದ ವೈದ್ಯ ನೀರಜ್ ಪಾಟೀಲರು ಅಲ್ಲಿ ಲೇಬರ್ ಕೌನ್ಸಿಲರ್ ಆಗಿದ್ದು, 2010-11ರಲ್ಲಿ ಮೇಯರ್ ಆದರು. ಅವರ ಮುಂದಾಳತ್ವದ ಪ್ರಯತ್ನದಿಂದಲೇ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ನಿಂತು, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡಿತು. ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡ ನಮ್ಮಲ್ಲಿ ಎಷ್ಟು ಜನರಿಗೆ ತಮ್ಮ ವಾರ್ಡಿನ ಕೌನ್ಸಿಲರ್ ಯಾರೆಂದು ಗೊತ್ತು ಎಂಬ ಪ್ರಶ್ನೆಯನ್ನು ನಾನು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಹೆಸರು ನೋಂದಾಯಿಸಲು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಇಲ್ಲಿನ ಸರ್ಕಾರ ತೆರಿಗೆ ಮತ್ತು ವಿಮೆಯ ಲೆಕ್ಕಕ್ಕೆ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿದ್ದರೆ ಆನ್‌ಲೈನ್‌ನಲ್ಲಿ ಕೆಲವೇ ನಿಮಿಷ ಸಾಕು. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ಅದು ಮುಗಿದಿರಬೇಕು. ಮತಗಟ್ಟೆಯಲ್ಲಿ ಈಗ ಭಾವಚಿತ್ರವಿರುವ ಗುರುತಿನ ದಾಖಲೆಯನ್ನು ಕೇಳುತ್ತಾರೆ, ಅದಕ್ಕೆ ನಮ್ಮ ಭಾರತೀಯ ಪಾಸ್‌ಪೋರ್ಟ್ ನಡೆಯುತ್ತದೆ.