ದಡದಲ್ಲಿ ಬಿದ್ದಿರುವ ಬೋಟನ್ನು ಗುಜರಿಗೆ ಹಾಕಬೇಡಿ

ಮೋಟಾರ್ ಬೋಟ್ ಕೆಟ್ಟರೆ ಕರಾವಳಿಯಿಂದಲೇ ಮೆಕ್ಯಾನಿಕ್ ಬರಬೇಕು, ಇಲ್ಲಾಂದ್ರೆ ಗುಜರಿಗೆ ಹಾಕಬೇಕು ಅನ್ನೋ ನಂಬಿಕೆ ನಮ್ಮ ತುಮಕೂರು ಕಡೆ ಇದೆ. ನಾನು ಒಪ್ಪಲ್ಲ. ಆರ್‌ಎಕ್ಸ್ 100 ಬೈಕ್ ಬಿಚ್ಚಿ ಜೋಡಿಸಿ ಪಳಗಿದ ಕೈಗಳು ನಮ್ಮೂರ ಗ್ಯಾರೇಜುಗಳಲ್ಲೇ ಇವೆ. ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ಕೂರಿಸುವ ಹಳೇ ಔಟ್‌ಬೋರ್ಡ್ ಇಂಜಿನ್‌ಗಳಲ್ಲಿ ಜಾಸ್ತಿ ಅದೇ ಟೂ ಸ್ಟ್ರೋಕ್ ಜಾತಿಯವು, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥವು.

ಗೆಳೆಯರೊಬ್ಬರು ಹಳೇ ಫೈಬರ್ ಬೋಟ್ ಕೊಂಡಾಗ ಇದನ್ನು ಕಣ್ಣಾರೆ ಕಂಡೆ. ಇಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಹಿಡಿದುಕೊಂಡು ತಿರುಗಲ್ಲ ಅಂತ ಹೇಳಿಯೇ ಮಾರಿದ್ದರು. ನಮ್ಮ ಬೈಕ್ ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಫ್ಲೈವೀಲನ್ನು ಕೈಯಲ್ಲೇ ತಿರುಗಿಸಿದರು. ಸಲೀಸಾಗಿ ತಿರುಗಿತು. "ಸೀಜೂ ಇಲ್ಲ, ಏನೂ ಇಲ್ಲ ಸಾರ್. ಕಾರ್ಬುರೇಟರ್ ನೋಡಣ" ಅಂದರು. ಬೌಲ್ ತುಂಬ ಹಳೇ ಪೆಟ್ರೋಲ್ ಗೋಂದಿನ ಹಾಗೆ ಅಂಟಿತ್ತು, ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಪೂರ್ತಿ ಮುಚ್ಚಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ, ಅದು ತೇವ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರಬಹುದು. ಹಳೇದನ್ನು ಪೂರ್ತಿ ತೆಗೆದು ಹೊಸದು ಹಾಕಲೇಬೇಕು. 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಕೇಳುವ 50:1 ಇಂಜಿನ್ ಆದರೆ ಲೀಟರಿಗೆ 20 ಎಂಎಲ್ ಆಯಿಲ್.

ಬೈಕಿನವರಿಗೆ ಹೊಸದು ಅಂದರೆ ಕೂಲಿಂಗ್. ಬೋಟಿನ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಪಂಪಿನೊಳಗಿನ ರೆಕ್ಕೆಚಕ್ರ, ಅಂದರೆ ರಬ್ಬರ್ ಇಂಪೆಲ್ಲರ್, ಕೆರೆ ನೀರನ್ನೇ ಎಳೆದು ಮೇಲಕ್ಕೆ ಕಳಿಸುತ್ತೆ. ಇಂಜಿನ್ ಓಡುವಾಗ ಸಣ್ಣ ತೂತಿನಿಂದ ನೀರಿನ ಧಾರೆ ಹೊರಗೆ ಚಿಮ್ಮಬೇಕು. ಚಿಮ್ಮಲಿಲ್ಲ ಅಂದರೆ ತಕ್ಷಣ ಆಫ್ ಮಾಡಿ. ವರ್ಷಗಟ್ಟಲೆ ಒಣಗಿ ನಿಂತ ಇಂಪೆಲ್ಲರಿನ ರೆಕ್ಕೆ ಗಟ್ಟಿಯಾಗಿ ಮುರಿದಿರಬಹುದು. ನಮ್ಮ ಕೆರೆಗಳ ಹೂಳು, ಕಳೆ ಬೇರೆ ನೀರೆಳೆಯುವ ಜಾಲರಿಗೆ ಕಟ್ಟಿಕೊಳ್ಳುತ್ತೆ. ಡ್ರಮ್ಮಿನಲ್ಲಿ ನೀರು ತುಂಬಿಸಿ ಇಂಜಿನ್ನಿನ ಕೆಳಭಾಗ ಮುಳುಗಿಸದೆ ಸ್ಟಾರ್ಟ್ ಮಾಡಲೇಬಾರದು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗೆ ಬಂದಿದೆ ಅಂತಲೇ ಲೆಕ್ಕ.

ಬೋಟಿನ ಮೈ ವಿಷಯದಲ್ಲಿ ನನಗೆ ಸಿಟ್ಟು ಬರೋದು ಎಂ-ಸೀಲ್ ಮೆತ್ತಿ ಪೇಂಟ್ ಹೊಡೆಯೋ ಕೆಲಸ ಕಂಡಾಗ. ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತೆ, ಪದರ ಬಿಟ್ಟಿರುವ ಕಡೆ ಡಬ್ ಅನ್ನುತ್ತೆ. ಡಬ್ ಅಂದಷ್ಟನ್ನೂ ಗ್ರೈಂಡ್ ಮಾಡಿ ತೆಗೆದು, ಅಂಚನ್ನು ಇಳಿಜಾರು ಮಾಡಿ, ಚೆನ್ನಾಗಿ ಒಣಗಿಸಿ, ಆಮೇಲೆ ಮ್ಯಾಟ್ (ಗಾಜಿನ ನಾರಿನ ಹಾಳೆ), ರೆಸಿನ್ (ಗಟ್ಟಿಯಾಗುವ ಅಂಟು) ಪದರ ಪದರವಾಗಿ ಕೂರಿಸಬೇಕು. ಇಂಜಿನ್ ಕೂರುವ ಹಿಂಭಾಗದ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ. ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆತಿದ್ದರೆ, ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಬೋಟಿಗೆ ಜನ ಹತ್ತಿಸಬೇಡಿ.

ನಮ್ಮದು ಬರದ ಸೀಮೆ. ಕೆರೆ ಕೋಡಿ ಬೀಳೋದು ಯಾವಾಗಲೋ. ಅದಕ್ಕೇ ಬೋಟುಗಳು ದಡದಲ್ಲೇ ಬಿಸಿಲಿಗೆ ಹಾಳಾಗುತ್ತವೆ, ನೀರು ನುಗ್ಗಿ ಜನ ಸಿಕ್ಕಿಕೊಂಡ ದಿನ ಒಂದೂ ಸ್ಟಾರ್ಟ್ ಆಗಲ್ಲ. ಹೊಸ ಬೋಟಿಗೆ ಲಕ್ಷಗಟ್ಟಲೆ ದುಡ್ಡು ಇಡುವವರು ಮಳೆಗಾಲಕ್ಕೆ ಮುಂಚೆ ಪ್ಲಗ್, ಇಂಪೆಲ್ಲರ್, ಗೇರ್ ಆಯಿಲಿಗೂ ಒಂದಿಷ್ಟು ಎತ್ತಿಡಲಿ. ಕೆಲಸವನ್ನು ನಮ್ಮೂರ ಮೆಕ್ಯಾನಿಕ್‌ಗಳಿಗೇ ಕೊಡಲಿ.