ಸಗೋತ್ರದ ಪಗ್ಗು

ಶಿರಸಿ ಬದಿ ನಮ್ಮ ಜನ ಮದುವೆ ಮಾತಿಗೆ ಕೂತ್ರೆ ಮೊದಲು ಕೇಳೋದು ಗೋತ್ರ, ಆಮೇಲೆ ಜಾತಕ, ತೋಟ ಎಷ್ಟೆಕರೆ ಅನ್ನೋದು ಕಡೆಗೆ (ಅದನ್ನ ಬರೋಕೂ ಮೊದಲೇ ವಿಚಾರಿಸಿರ್ತಾರೆ ಬಿಡಿ). ಗೋತ್ರ ಒಂದೇ ಆಯ್ತಾ, ಕವಳ ಹಾಕಿ ಎದ್ದು ಬರೋದೇ.

ಅಂಥಾ ಮನೆಯ ನಮ್ಮ ಭಾವ ಚಾಲಿ ಅಡಿಕೆ ರೇಟು ಏರಿದ ಖುಷಿಗೆ ಒಂದು ಪಗ್ ತಂದ. ಪೇಪರ್ ಇರೋ ನಾಯಿ, ಅಂದ್ರೆ ಅಪ್ಪ ಆಯಿ ಅಜ್ಜನ ಹೆಸರೆಲ್ಲ ಬರೆದ ವಂಶಾವಳಿ ಇರೋದು. ಆ ಪೇಪರಿಗೆ ಲ್ಯಾಮಿನೇಶನ್ ಮಾಡಿಸಿ ಜಗುಲಿಯಲ್ಲಿ ಅಜ್ಜನ ಫೋಟೋ ಪಕ್ಕಕ್ಕೇ ತೂಗಿ ಹಾಕಿದ್ದಾನೆ. ನಮ್ಮತ್ತೆ ಕನ್ನಡಕ ಏರಿಸ್ಕೊಂಡು ಓದಿ ನೋಡಿದ್ರೆ ನಾಯಿಯ ಅಪ್ಪನ ಅಪ್ಪನೂ ಆಯಿಯ ಅಪ್ಪನೂ ಒಬ್ಬನೇ ಚಾಂಪಿಯನ್ನು! "ಸಗೋತ್ರ ಆತಲೋ ತಮಾ!"

"ಅದಕ್ಕೆ ಲೈನ್ ಬ್ರೀಡಿಂಗ್ ಹೇಳ್ತ ಆಯಿ."

ಇಂಗ್ಲಿಷಲ್ಲಿ ಹೇಳಿದ್ರೆ ದೋಷ ಇಲ್ಲ ನೋಡಿ. ಲೆಕ್ಕ ಹಾಕೋರ ಪ್ರಕಾರ ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಗೆ ಒಳಸಂಬಂಧ (ಅಪ್ಪ ಆಯಿ ಇಬ್ಬರ ಕಡೆಯಿಂದಲೂ ಒಂದೇ ಹಿರಿಯನ ಜೀನು ಬಂದು ಸೇರೋ ಸಾಧ್ಯತೆ) 25 ಪರ್ಸೆಂಟು, ನಮ್ಮ ಪಗ್ಗಿನ ಥರದ್ದಕ್ಕೆ 12.5. ಬ್ರಿಟನ್ನಲ್ಲಿ ಹತ್ತು ಸಾವಿರ ಪಗ್ಗುಗಳ ವಂಶಾವಳಿ ಜಾಲಾಡಿದ ಇಂಪೀರಿಯಲ್ ಕಾಲೇಜಿನವರಿಗೆ ಸಿಕ್ಕ ಜೀನಿನ ವೈವಿಧ್ಯ ಬರೀ 50 ನಾಯಿಗಳಷ್ಟು. 1873ರಲ್ಲೇ ಹುಟ್ಟಿದ, ತಳಿ ನಾಯಿಗಳ ಲೆಕ್ಕ ಇಡೋ ಅಲ್ಲಿನ ಕೆನಲ್ ಕ್ಲಬ್ಬಿಗೆ ತಾಯಿ-ಮಗನ ಮರಿ ರಿಜಿಸ್ಟರ್ ಮಾಡೋದು ಬೇಡ ಅಂತ ಹೊಳೆದಿದ್ದು 2009ಕ್ಕೆ, ಅದೂ ಟೀವಿಯಲ್ಲಿ ಮಾನ ಹೋದಮೇಲೆ.

ಮೈತುಂಬ ಚುಕ್ಕಿ ಇರೋ ಡಾಲ್ಮೇಶಿಯನ್ ನಾಯಿ ಕತೆ ಇದಕ್ಕಿಂತ ಚಂದ. ಶುದ್ಧ ತಳಿಯವಕ್ಕೆಲ್ಲ ಯೂರಿಕ್ ಆಸಿಡ್ ಜಾಸ್ತಿ, ಮೂತ್ರದಲ್ಲಿ ಕಲ್ಲಾಗೋದು ಅಂತ 1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಅನ್ನೋ ಜೆನೆಟಿಕ್ಸಿನವ ಒಂದೇ ಒಂದ್ಸಲ ಪಾಯಿಂಟರ್ ಅನ್ನೋ ಬೇರೆ ತಳಿ ನಾಯಿ ಜೊತೆ ಕೂಡಿಸಿ, ಆಮೇಲೆ ತಲೆಮಾರುಗಟ್ಟಲೆ ವಾಪಸ್ ಡಾಲ್ಮೇಶಿಯನ್ನಿಗೇ ಕೊಟ್ಟು ರೋಗ ಕಳೆದ. ಚುಕ್ಕಿ ಅದೇ, ಬಾಲ ಅದೇ, ಉಚ್ಚೆ ಸರಾಗ. ಆದ್ರೂ ಅಮೆರಿಕದ ಕೆನಲ್ ಕ್ಲಬ್ಬಿನೋರು ಬಾಗಿಲು ತೆಗೆದಿದ್ದು 2011ಕ್ಕೆ! ಕಲ್ಲಿದ್ದದ್ದು ಕುಲೀನ, ಕಲ್ಲಿಲ್ಲದ್ದು ಜಾತಿಗೆಟ್ಟದ್ದು. ಇವರಿಗೂ ಒಂದು ಮಠ ಇದ್ದಿದ್ರೆ ಬಹಿಷ್ಕಾರವೇ ಹಾಕ್ತಿದ್ರೋ ಏನೋ.

ಭಾವ ಈಗ ದಿನಾ ಬೆಳಿಗ್ಗೆ ಪಗ್ಗಿನ ಮೂಗಿನ ಮೇಲಿನ ಮಡಿಕೆ ಬಿಡಿಸಿ ಹತ್ತಿಯಲ್ಲಿ ಒರೆಸ್ತಾನೆ, ಅದು ಜಗುಲಿಯಿಂದ ಅಂಗಳಕ್ಕಿಳಿದ್ರೆ ಸಾಕು ಗೊರ್ ಗೊರ್ ಅಂತ ಏದುಸಿರು, ಅಷ್ಟೊತ್ತಿಗೆ ಅಪ್ಪ ಯಾರು ಅಂತ ಊರಿಗೇ ಗೊತ್ತಿಲ್ಲದ ನಮ್ಮ ಊರನಾಯಿ ಕರಿಯ ತೋಟದ ಮಂಗನನ್ನೆಲ್ಲ ಓಡಿಸಿ ಬಂದು ತಂಗಳು ದೋಸೆ ತಿಂದು ಮಲಗಿರ್ತದೆ. ಅದಕ್ಕೆ ಮಾತ್ರ ಜಗುಲಿ ಹತ್ತೋ ಹಾಗಿಲ್ಲ.

ಮೊನ್ನೆ ಪಗ್ಗಿಗೆ ಹುಬ್ಬಳ್ಳಿಯಿಂದ ಸಂಬಂಧ ಬಂತು, ಪೇಪರ್ ವಾಟ್ಸಾಪಲ್ಲೇ ಕಳಿಸಿದ್ರು. ಅತ್ತೆ ಮೊಬೈಲು ಇಸ್ಕೊಂಡು ಎರಡು ಬೆರಳಲ್ಲಿ ದೊಡ್ಡ ಮಾಡಿ ನೋಡಿದ್ರು. ಮೂರನೇ ಸಾಲಲ್ಲಿ ಅದೇ ಚಾಂಪಿಯನ್ ಅಜ್ಜ.