ಅವರೇ ಬರೆದಿಟ್ಟ ಕಾರಣವನ್ನು ನಾವೇಕೆ ತಿದ್ದಬೇಕು?

ನಿನ್ನೆ ರಾತ್ರಿಯಿಂದ ಮನಸ್ಸು ಕುದಿಯುತ್ತಿದೆ. ಗೆಳತಿಯ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಊಟವಾದ ಮೇಲೆ ಮಗಳು ಒಂದು ಮೂಲೆಯಲ್ಲಿ ಕುಳಿತು, ಅಮೆರಿಕದ ಅಂತರ್ಯುದ್ಧದ ಬಗ್ಗೆ ಶಾಲೆಗೆ ಬರೆದುಕೊಡಬೇಕಾದ ಪ್ರಬಂಧಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಅಲ್ಲಿದ್ದ ಹಿರಿಯರೊಬ್ಬರು, ಬಹಳ ಓದಿಕೊಂಡವರು, ನನಗೂ ಗೌರವವಿರುವವರು, ಅವಳ ಪುಟದ ಮೇಲೆ ಕಣ್ಣಾಡಿಸಿ, "ಇಲ್ಲಮ್ಮ, ಆ ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ. ಗುಲಾಮಗಿರಿ ಆಮೇಲೆ ಬಂದು ಸೇರಿಕೊಂಡ ವಿಷಯ. ಅದನ್ನು ತಿದ್ದಿ ಬರೆ" ಎಂದರು. ಅವಳು ತಿದ್ದಿದಳು. ಪೂಜೆಯ ಮನೆಯಲ್ಲಿ ವಾದ ಬೇಡವೆಂದು ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ನಾವಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ ಎಂಬುದು ನಿಮಗೆಲ್ಲ ಗೊತ್ತಿದೆ. ಅಮೆರಿಕದ ಒಕ್ಕೂಟವನ್ನು ತೊರೆದು ಬೇರೆ ಸರ್ಕಾರ ಕಟ್ಟಿಕೊಂಡ ದಕ್ಷಿಣದ ಹನ್ನೊಂದು ರಾಜ್ಯಗಳು ರಾಜಧಾನಿ ಮಾಡಿಕೊಂಡ ಊರು ಇದು. ಈ ಊರಿನಲ್ಲಿ ಕುಳಿತು ಆ ಮಾತು ಹೇಳಬೇಕಾದರೆ, ಕನಿಷ್ಠ ಆ ರಾಜ್ಯಗಳು ಸ್ವತಃ ಬರೆದಿಟ್ಟ ಕಾಗದಗಳನ್ನಾದರೂ ಒಮ್ಮೆ ಓದಬೇಡವೇ?

1860ರ ನವೆಂಬರ್‌ನಲ್ಲಿ ಲಿಂಕನ್ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದರು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬಕೂಡದು ಎಂಬುದಷ್ಟೇ ಆಗ ಅವರ ಪಕ್ಷದ ನಿಲುವಾಗಿತ್ತು. ಇರುವಲ್ಲಿ ಅದನ್ನು ಮುಟ್ಟುವುದಿಲ್ಲವೆಂದು ಅವರು ಮತ್ತೆ ಮತ್ತೆ ಹೇಳಿದ್ದರು. ಅಷ್ಟಕ್ಕೇ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟವನ್ನು ಬಿಟ್ಟಿತು. ಬಿಟ್ಟದ್ದು ಏಕೆಂದು ವಿವರಿಸಲು ಅದು ಹೊರಡಿಸಿದ ಘೋಷಣಾಪತ್ರದ ಮುಖ್ಯ ದೂರು ಏನೆಂದರೆ, ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಒಪ್ಪಿಸುತ್ತಿಲ್ಲ, ಅದನ್ನು ತಡೆಯಲು ತಮ್ಮದೇ ಕಾನೂನುಗಳನ್ನು ಮಾಡಿಕೊಂಡಿವೆ ಎಂಬುದು. ಇಲ್ಲಿ ದಯವಿಟ್ಟು ಒಂದು ಕ್ಷಣ ನಿಲ್ಲಿ. ತಮ್ಮ ನೆಲಕ್ಕೆ ಓಡಿಬಂದ ಮನುಷ್ಯನನ್ನು ಹಿಡಿದುಕೊಡುವುದಿಲ್ಲ ಎಂದ ಉತ್ತರದ ರಾಜ್ಯಗಳದ್ದೂ ರಾಜ್ಯಗಳ ಹಕ್ಕೇ ಅಲ್ಲವೇ? ಆ ಹಕ್ಕನ್ನು ತುಳಿದು, ಓಡಿಬಂದವರನ್ನು ಹಿಡಿದು ಒಪ್ಪಿಸಬೇಕೆಂದ 1850ರ ಕೇಂದ್ರ ಕಾನೂನು ದಕ್ಷಿಣಕ್ಕೆ ಬೇಕಾಗಿತ್ತು; ಅದು ಸರಿಯಾಗಿ ಜಾರಿಯಾಗಲಿಲ್ಲ ಎಂಬುದೇ ಅದರ ಸಿಟ್ಟಾಗಿತ್ತು.

ಮಿಸಿಸಿಪ್ಪಿ ಇನ್ನೂ ನೇರವಾಗಿ ಬರೆಯಿತು. ತನ್ನ ನಿಲುವು ಗುಲಾಮಗಿರಿಯೊಡನೆ ಸಂಪೂರ್ಣವಾಗಿ ಬೆಸೆದುಕೊಂಡಿದೆ, ಅದು ಜಗತ್ತಿನ ಅತಿ ದೊಡ್ಡ ಭೌತಿಕ ಹಿತ ಎಂದು ಮೊದಲ ಸಾಲುಗಳಲ್ಲೇ ಹೇಳಿತು. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾತನಾಡುತ್ತಾ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದ. ಅವರು ಬರೆದುಕೊಂಡ ಸಂವಿಧಾನವು ಗುಲಾಮರ ಮೇಲಿನ ಒಡೆತನಕ್ಕೆ ಕುಂದು ತರುವ ಕಾನೂನನ್ನು ತಮ್ಮ ಸಂಸತ್ತು ಮಾಡಕೂಡದೆಂದು ಕಟ್ಟಿಹಾಕಿತು. ಒಡೆಯನೊಬ್ಬ ತನ್ನ ಗುಲಾಮರೊಡನೆ ಯಾವ ರಾಜ್ಯಕ್ಕೆ ಹೋಗಿಬಂದರೂ ಆ ಒಡೆತನಕ್ಕೆ ಧಕ್ಕೆಯಾಗಕೂಡದು ಎಂದೂ ಬರೆಯಿತು. ರಾಜ್ಯಗಳ ಹಕ್ಕನ್ನು ಕಾಯಲು ಹೊರಟವರು, ಹಾಗೆ ಬಂದ ಒಡೆಯನ ಒಡೆತನವನ್ನು ಒಪ್ಪುವುದಿಲ್ಲ ಎನ್ನುವ ಹಕ್ಕನ್ನು ತಮ್ಮದೇ ರಾಜ್ಯಗಳಿಗೆ ಕೊಡಲಿಲ್ಲ. ನಮ್ಮ ವರ್ಜೀನಿಯಾ ತಡವಾಗಿ, ಏಪ್ರಿಲ್ 17ರಂದು ಹೊರಬಂದಾಗಲೂ ತನ್ನ ನಿರ್ಣಯದಲ್ಲಿ "ದಕ್ಷಿಣದ ಗುಲಾಮಗಿರಿಯ ರಾಜ್ಯಗಳ" ಮೇಲಾದ ದಬ್ಬಾಳಿಕೆಯನ್ನೇ ಹೆಸರಿಸಿತು. ಅವರೇ ಬರೆದದ್ದು, ಅವರೇ ಸಹಿ ಹಾಕಿದ್ದು.

ಇದರ ಹಿಂದೆ ಇದ್ದ ಸಂಪತ್ತನ್ನು ನೋಡಿದರೆ ಆಶ್ಚರ್ಯವೂ ಆಗುವುದಿಲ್ಲ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 39.5 ಲಕ್ಷ, ದಕ್ಷಿಣ ಕೆರೊಲಿನಾದಲ್ಲೂ ಮಿಸಿಸಿಪ್ಪಿಯಲ್ಲೂ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಅವರು ಬಿಡಿಸಿದ ಹತ್ತಿಯೇ ಇಡೀ ಅಮೆರಿಕದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚಾಗಿತ್ತು. ಹತ್ತಿಯ ಹೊಲದ ಅಂಚಿನಲ್ಲಿ ಬೆಳೆದ ಧಾರವಾಡದವಳಾಗಿ ಇದನ್ನು ಓದುವಾಗ ನನಗೆ ಬೇರೆಯದೇ ಸಂಕಟವಾಗುತ್ತದೆ. ಕಂಪನಿ ಸರ್ಕಾರ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ತಂದು ಬಿತ್ತಿಸಿದ್ದು ನಮ್ಮ ಜಿಲ್ಲೆಯಲ್ಲೇ. ಯುದ್ಧದಿಂದ ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಗಿರಣಿಗಳು ಹತ್ತಿಗಾಗಿ ಬಾಯಿಬಿಟ್ಟಾಗ, ನಮ್ಮ ಕಡೆಯ ಅರಳೆಗೆ ಹಿಂದೆಂದೂ ಇಲ್ಲದ ಬೆಲೆ ಬಂದು ಕುಮಟಾ ಬಂದರು ತುಂಬಿತು. ಯುದ್ಧ ಮುಗಿದೊಡನೆ ಆ ಬೆಲೆ ಕುಸಿಯಿತು.

ಈಗ ಆ ಹಿರಿಯರ ಪರವಾಗಿ ಹೇಳಬಹುದಾದ ಮಾತು. ಗುಲಾಮರನ್ನು ಬಿಡಿಸದೆಯೇ ಒಕ್ಕೂಟವನ್ನು ಉಳಿಸಲು ಸಾಧ್ಯವಾದರೆ ಹಾಗೆಯೇ ಮಾಡುತ್ತೇನೆಂದು ಲಿಂಕನ್ 1862ರ ಆಗಸ್ಟ್‌ನಲ್ಲಿ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಯವರಿಗೆ ಬರೆದದ್ದು ನಿಜ. ಗುಲಾಮರಿದ್ದ ನಾಲ್ಕು ರಾಜ್ಯಗಳು ಒಕ್ಕೂಟದಲ್ಲೇ ಉಳಿದದ್ದೂ ನಿಜ, ದಕ್ಷಿಣದ ಹೆಚ್ಚಿನ ಸೈನಿಕರು ಯಾವ ಗುಲಾಮನ ಒಡೆಯರೂ ಆಗಿರಲಿಲ್ಲ ಎಂಬುದೂ ನಿಜ. ಆದರೆ ಇದರಿಂದ ತಿಳಿಯುವುದು ಉತ್ತರ ಏಕೆ ಕಾದಿತು, ಬಡ ಸೈನಿಕ ಏಕೆ ಬಂದೂಕು ಹಿಡಿದ ಎಂಬುದು. ದಕ್ಷಿಣ ಏಕೆ ಹೊರಟುಹೋಯಿತು ಎಂಬುದಲ್ಲ. ಆ ಪತ್ರಕ್ಕೆ ಒಂದು ತಿಂಗಳು ಮೊದಲೇ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ತಮ್ಮ ಸಂಪುಟಕ್ಕೆ ಓದಿ ಹೇಳಿದ್ದರು ಎಂಬುದನ್ನು ಮಾತ್ರ ಈ ವಾದ ಮಾಡುವವರು ಎಂದೂ ಹೇಳುವುದಿಲ್ಲ.

ನಾನು ಇಷ್ಟು ಕೋಪಗೊಳ್ಳಲು ಇನ್ನೊಂದು ಕಾರಣವಿದೆ. ಬಿ.ಎ. ಪರೀಕ್ಷೆಯಲ್ಲಿ ನಾನೇ ಇದನ್ನು ಬರೆದಿದ್ದೆ: ಕೈಗಾರಿಕೆಯ ಉತ್ತರ, ಬೇಸಾಯದ ದಕ್ಷಿಣ, ಸುಂಕದ ತಕರಾರು, ರಾಜ್ಯಗಳ ಹಕ್ಕು, ಕೊನೆಯಲ್ಲಿ ಎಲ್ಲೋ ಒಂದು ಸಾಲು ಗುಲಾಮಗಿರಿ. ಒಳ್ಳೆಯ ಅಂಕಗಳು ಬಂದಿದ್ದವು. ಈ ಊರಿಗೆ ಬಂದ ಹೊಸತರಲ್ಲಿ ಅಪ್ಪನನ್ನು, ದಕ್ಷಿಣದ ಸೈನ್ಯವನ್ನು ನಡೆಸಿದ ಜನರಲ್ ಲೀ ಪ್ರತಿಮೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದಿದ್ದೆ. "ಯಾರವ್ವಾ ಇವರು?" ಎಂದು ಅಪ್ಪ ಕೇಳಿದರು. "ದೊಡ್ಡ ಸೇನಾಪತಿ, ಅಪ್ಪಾ" ಎಂದೆ. ಅಷ್ಟೇ ಹೇಳಿದೆ. 1890ರಲ್ಲಿ, ಸೋತ ಇಪ್ಪತ್ತೈದು ವರ್ಷಗಳ ನಂತರ ನಿಲ್ಲಿಸಿದ ಆ ಪ್ರತಿಮೆಯನ್ನು 2021ರ ಸೆಪ್ಟೆಂಬರ್ 8ರಂದು ಇಳಿಸಿದಾಗ ಗುಂಪಿನಲ್ಲಿ ನಾನೂ ನಿಂತಿದ್ದೆ. ಆಗ ಅಪ್ಪ ಇರಲಿಲ್ಲ.

ಪ್ರತಿಮೆಗಳಂತೆಯೇ ಆ ವಾದವೂ ಸೋಲಿನ ನಂತರ ಕಟ್ಟಿದ್ದು. ಮೂಲೆಗಲ್ಲಿನ ಮಾತನ್ನಾಡಿದ ಅದೇ ಸ್ಟೀಫನ್ಸ್, ಯುದ್ಧ ಮುಗಿದ ಮೇಲೆ, ಅದೆಲ್ಲ ಸಂವಿಧಾನದ ತತ್ತ್ವಕ್ಕಾಗಿ ನಡೆಯಿತೆಂದು ಬರೆಯತೊಡಗಿದ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಮೇಲೆ ಬಂದ ಆ ಎರಡನೆಯ ಮಾತನ್ನು ನಂಬಿ ಮೊದಲನೆಯದನ್ನು ಮರೆಯುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನಮ್ಮ ಊರಿನ ಶಾಕೊ ಬಾಟಂ ಬಡಾವಣೆಯನ್ನು ನೀವು ಬಂದಾಗ ತೋರಿಸಿದ್ದೇನೆ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಗುಲಾಮರ ಅತಿ ದೊಡ್ಡ ಸಂತೆ ನಡೆಯುತ್ತಿದ್ದದ್ದು ಅಲ್ಲಿ. ರಾಬರ್ಟ್ ಲಂಪ್ಕಿನ್ ಎಂಬ ವ್ಯಾಪಾರಿ ಮನುಷ್ಯರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅಲ್ಲಿತ್ತು. 1865ರ ಏಪ್ರಿಲ್ ಆರಂಭದಲ್ಲಿ ದಕ್ಷಿಣದ ಸರ್ಕಾರ ರೈಲು ಹತ್ತಿ ಊರು ಬಿಟ್ಟು ಓಡುತ್ತಿದ್ದಾಗ, ಅವನು ಸುಮಾರು ಐವತ್ತು ಮಂದಿಗೆ ಸಂಕೋಲೆ ಹಾಕಿ ನಿಲ್ದಾಣಕ್ಕೆ ನಡೆಸಿಕೊಂಡು ಹೋಗಿದ್ದನೆಂದೂ, ರೈಲಿನಲ್ಲಿ ಜಾಗ ಸಿಗದೆ ಅವರನ್ನು ಅಲ್ಲೇ ಬಿಡಬೇಕಾಯಿತೆಂದೂ ಆ ಕಾಲದ ಪತ್ರಕರ್ತರೊಬ್ಬರು ಬರೆದಿದ್ದಾರೆ. ಊರಿಗೆ ಬೆಂಕಿ ಬೀಳಲಿದ್ದ ಗಳಿಗೆಯಲ್ಲೂ ಕೈಬಿಡಲಾಗದೆ ಹಿಡಿದುಕೊಂಡಿದ್ದದ್ದು ಯಾವುದನ್ನು ಎಂದು ಆ ಹಿರಿಯರನ್ನು ಕೇಳಬೇಕೆನಿಸುತ್ತದೆ. ಲಂಪ್ಕಿನ್ ಸತ್ತ ಮೇಲೆ, ಅವನಿಗೇ ಗುಲಾಮಳಾಗಿದ್ದು ಅವನ ಮಕ್ಕಳ ತಾಯಿಯೂ ಆಗಿದ್ದ ಮೇರಿ, ಆ ಸೆರೆಮನೆಯನ್ನು ಬಿಡುಗಡೆಯಾದವರ ಶಾಲೆಗೆ ಬಾಡಿಗೆಗೆ ಕೊಟ್ಟಳು. ಅದೇ ಬೆಳೆದು ಇಂದಿನ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯವಾಗಿದೆ.

ಬೆಳಿಗ್ಗೆ ಮಗಳ ಮುಂದೆ ಆ ಘೋಷಣಾಪತ್ರಗಳನ್ನು ಇಟ್ಟೆ. ಈಗ ಓದುತ್ತಿದ್ದಾಳೆ, ಏನು ಬರೆಯಬೇಕೆಂದು ನಾನು ಹೇಳಿಲ್ಲ. ಶನಿವಾರ ಅವಳನ್ನು ಶಾಕೊ ಬಾಟಂಗೆ ಕರೆದುಕೊಂಡು ಹೋಗುತ್ತಿದ್ದೇನೆ. ಆ ಹಿರಿಯರಿಗೂ ಫೋನ್ ಮಾಡಿ, ತಾವೂ ಬರಬೇಕೆಂದು ಕೇಳಿಕೊಂಡೆ. ನೋಡೋಣ ಎಂದಿದ್ದಾರೆ.